ಕಾಸಿದ್ದರೆ ನೆಲ ಸಿಗುತ್ತದೆಯೇ? ಓಲಾಂಡಿನವರನ್ನು ಕೇಳಿ!

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈಗ ಶನಿವಾರ, ಭಾನುವಾರ ಬಂದರೆ ಹೊಸದೊಂದು ಸಂತೆ ಸೇರುತ್ತದೆ. ಈ ಸಂತೆಯಲ್ಲಿ ಸೊಪ್ಪು, ತರಕಾರಿ ಮಾರುವುದಿಲ್ಲ. ದುಬೈನ ಫ್ಲಾಟು ಮಾರುತ್ತಾರೆ. ಟೈ ಕಟ್ಟಿದ ದಲ್ಲಾಳಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಕಟ್ಟಡದ ಮಾದರಿಯನ್ನು ತೋರಿಸುತ್ತ, ಮುಂಗಡ ಎಷ್ಟು, ಕಂತು ಎಷ್ಟು, ಬಾಡಿಗೆ ಎಷ್ಟು ಬರುತ್ತದೆ, ವೀಸಾ ಹೇಗೆ ಸಿಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಎಲ್ಲವೂ ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಕನ್ನಡದಲ್ಲಿ ಹೇಳಬೇಕೆಂದು ಅವನಿಗೆ ಅನ್ನಿಸುವುದಿಲ್ಲ. ಕನ್ನಡದಲ್ಲಿ ಕೇಳಬೇಕೆಂದು ನಮ್ಮವನಿಗೂ ಅನ್ನಿಸುವುದಿಲ್ಲ!

ಹೊರದೇಶದಲ್ಲಿ ಮನೆ ಕೊಳ್ಳುವುದು ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ದುಡಿದು ಸಂಪಾದಿಸಿದ ಹಣ ನಿಮ್ಮದು. ಅದನ್ನು ಎಲ್ಲಿ ಹಾಕಬೇಕೆಂಬುದು ನಿಮಗೆ ಬಿಟ್ಟದ್ದು. ಕನ್ನಡಿಗ ಬಾವಿಯ ಕಪ್ಪೆಯಾಗಿ ಕೂತಿರಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಆ ಸಂತೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಬೇರೆ ದೇಶದ ನೆಲವನ್ನು ನಾವು ಕೊಳ್ಳಲು ಹೋದಾಗ, ಆ ದೇಶ ನಮ್ಮನ್ನು ಏನು ಕೇಳುತ್ತದೆ? ಏಕೆ ಕೇಳುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಸಿಗುವ ಪಾಠ ಆ ಫ್ಲಾಟಿಗಿಂತ ಬೆಲೆಬಾಳುವಂಥದು.

ಮೊದಲು ನಮ್ಮ ಕಾನೂನು

ಭಾರತದಲ್ಲಿ ನೆಲೆಸಿರುವವನು ಹೊರಗೆ ಆಸ್ತಿ ಕೊಳ್ಳಲು ಸಾಮಾನ್ಯವಾಗಿ ಹಿಡಿಯುವ ದಾರಿ ರಿಸರ್ವ್ ಬ್ಯಾಂಕಿನ ಹಣ ರವಾನೆ ಯೋಜನೆ. ಬ್ಯಾಂಕಿನವರ ಬಾಯಲ್ಲಿ ಅದು ಎಲ್.ಆರ್.ಎಸ್. 2004ರಲ್ಲಿ 25 ಸಾವಿರ ಡಾಲರ್ ಮಿತಿಯೊಂದಿಗೆ ಶುರುವಾದ ಈ ಯೋಜನೆಯಲ್ಲಿ, 2015ರಿಂದ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷಕ್ಕೆ 2 ಲಕ್ಷ 50 ಸಾವಿರ ಡಾಲರ್ ವರೆಗೆ ಕಳಿಸಬಹುದು. ಆಸ್ತಿಗೆಂದು ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತದ ಮೇಲೆ ಶೇ. 20ರಷ್ಟನ್ನು ಬ್ಯಾಂಕು ಮೊದಲೇ ತೆರಿಗೆಯೆಂದು ವಸೂಲು ಮಾಡುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷವಿತ್ತು. ಈ ಹಣವನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ನಿಜ. ಆದರೆ ದಲ್ಲಾಳಿಯ ಬಣ್ಣದ ಕಾಗದದಲ್ಲಿ ಈ ಶೇ. 20ರ ಮಾತು ಎಷ್ಟು ಸಣ್ಣ ಅಕ್ಷರದಲ್ಲಿದೆ ಎಂದು ಒಮ್ಮೆ ನೋಡಿ.

ಕೊಂಡ ಮೇಲೆ ಆ ಆಸ್ತಿಯನ್ನು ಪ್ರತಿವರ್ಷ ತೆರಿಗೆ ರಿಟರ್ನಿನಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಇನ್ನು ನೀವು ಹೊರದೇಶದಲ್ಲಿ ನೆಲೆಸಿದ್ದ ಕಾಲದಲ್ಲಿ, ಅಲ್ಲಿಯ ಸಂಪಾದನೆಯಿಂದ ಕೊಂಡ ಮನೆಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ ಅವಕಾಶ ಕೊಟ್ಟಿದೆ. ಹೊರಗೆ ದುಡಿದು ಬಂದ ನಮ್ಮ ಎಷ್ಟೋ ಹುಡುಗ ಹುಡುಗಿಯರಿಗೆ ಇದು ಗೊತ್ತಿಲ್ಲ. ಗಾಬರಿಯಲ್ಲಿ ಮಾರಿ ಬರುತ್ತಾರೆ.

2013ರ ಆಗಸ್ಟ್ ತಿಂಗಳಲ್ಲಿ ರೂಪಾಯಿ ಕುಸಿಯುತ್ತಿದ್ದಾಗ ರಿಸರ್ವ್ ಬ್ಯಾಂಕು ಈ ಮಿತಿಯನ್ನು 2 ಲಕ್ಷದಿಂದ 75 ಸಾವಿರ ಡಾಲರಿಗೆ ಇಳಿಸಿತು. ಅಷ್ಟೇ ಅಲ್ಲ, ಆ ಹಣದಲ್ಲಿ ಹೊರದೇಶದ ಸ್ಥಿರಾಸ್ತಿ ಕೊಳ್ಳುವುದನ್ನೇ ನಿಲ್ಲಿಸಿತ್ತು. ಮುಂದೆ ಆ ತಡೆಯನ್ನು ತೆಗೆಯಿತು. ಆಗ ಯಾರಾದರೂ 'ಇದು ಸಂಕುಚಿತ ಬುದ್ಧಿ' ಎಂದು ಕೂಗಾಡಿದರೇ? ಇಲ್ಲ. ದೇಶದ ಹಣ ಹೊರಗೆ ಹರಿಯುವಾಗ ದೇಶ ಕಾವಲು ಹಾಕುವುದು ಸಹಜ ಎಂದು ಎಲ್ಲರೂ ಒಪ್ಪಿಕೊಂಡರು. ಹಣಕ್ಕೆ ಕಾವಲು ಇರಬಹುದಾದರೆ ನೆಲಕ್ಕೆ ಏಕಿರಬಾರದು? ಈ ಪ್ರಶ್ನೆಯನ್ನು ಜಗತ್ತು ಎಂದೋ ಕೇಳಿಕೊಂಡಿದೆ.

ಬಾಗಿಲು ಹಾಕಿಕೊಂಡ 'ಮುಂದುವರಿದ' ದೇಶಗಳು

ಕೆನಡಾ ಎಂದರೆ ವಲಸಿಗರ ಸ್ವರ್ಗ ಎಂದು ನಮ್ಮ ಹುಡುಗರ ನಂಬಿಕೆ. ಅದೇ ಕೆನಡಾ 2023ರ ಜನವರಿ 1ರಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನು ನಿಷೇಧಿಸಿತು. ಎರಡು ವರ್ಷಕ್ಕೆಂದು ತಂದ ನಿಷೇಧವನ್ನು 2024ರಲ್ಲಿ ಮತ್ತೆರಡು ವರ್ಷ ಬೆಳೆಸಿ 2027ರ ಜನವರಿ 1ರವರೆಗೆ ಎಂದಿತು. ಕಾಯಂ ನಿವಾಸಿಗಳಿಗೆ, ಕೆಲವು ಷರತ್ತುಗಳ ಮೇಲೆ ವರ್ಕ್ ಪರ್ಮಿಟ್ ಇದ್ದವರಿಗೆ ವಿನಾಯಿತಿ. ಅಂದರೆ, ಬಂದು ಬಾಳುವವನಿಗೆ ಮನೆ. ದೂರ ಕೂತು ಲಾಭ ಎಣಿಸುವವನಿಗೆ ಇಲ್ಲ.

ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ ಎರಡು ವರ್ಷ ವಿದೇಶಿಯರು ಈಗಾಗಲೇ ಕಟ್ಟಿರುವ ಮನೆಗಳನ್ನು ಕೊಳ್ಳುವಂತಿಲ್ಲ ಎಂದಿತು. ನ್ಯೂಜಿಲೆಂಡ್ 2018ರಲ್ಲೇ ಅಂಥ ನಿಷೇಧ ಹೇರಿತ್ತು. 2025ರಲ್ಲಿ ದೊಡ್ಡ ಬಂಡವಾಳ ತರುವ ಶ್ರೀಮಂತರಿಗೆ ಮಾತ್ರ ಸ್ವಲ್ಪ ಸಡಿಲಿಸುವುದಾಗಿ ಅಲ್ಲಿನ ಸರ್ಕಾರ ಹೇಳಿತು. ಸಿಂಗಪುರ ಬಾಗಿಲು ಹಾಕಲಿಲ್ಲ, ಹೊಸ್ತಿಲಲ್ಲಿ ಸುಂಕದ ಕಟ್ಟೆ ಕಟ್ಟಿತು. 2023ರ ಏಪ್ರಿಲ್‌ನಲ್ಲಿ ವಿದೇಶಿ ಕೊಳ್ಳುಗನ ಮೇಲಿನ ಹೆಚ್ಚುವರಿ ಸ್ಟಾಂಪ್ ಶುಲ್ಕವನ್ನು ಶೇ. 30ರಿಂದ ಒಮ್ಮೆಗೇ ಶೇ. 60ಕ್ಕೆ ಏರಿಸಿತು. ಕೋಟಿ ರೂಪಾಯಿಯ ಮನೆಗೆ 60 ಲಕ್ಷ ಕಪ್ಪ! ಫಿಲಿಪ್ಪೀನ್ಸ್ ದೇಶದ 1987ರ ಸಂವಿಧಾನವೇ ವಿದೇಶಿಯರು ನೆಲ ಕೊಳ್ಳದಂತೆ ತಡೆದಿದೆ. ಥಾಯ್ಲೆಂಡಿನಲ್ಲಿ ವಿದೇಶಿಗೆ ಅಪಾರ್ಟ್‌ಮೆಂಟು ಸಿಗಬಹುದು. ಅದೂ ಇಡೀ ಕಟ್ಟಡದಲ್ಲಿ ಶೇ. 49 ಮೀರುವಂತಿಲ್ಲ. ನೆಲ ಅವನ ಹೆಸರಿಗೆ ಆಗುವುದಿಲ್ಲ.

ಯುರೋಪಿನ ಕಥೆ ಇನ್ನೂ ಸ್ವಾರಸ್ಯ. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ. ಪಕ್ಕದ ಜರ್ಮನಿಯದು 8 ಕೋಟಿಗೂ ಹೆಚ್ಚು. ಹಣವಂತ ಜರ್ಮನರು ಬಂದು ಕಡಲತೀರದ ಬೇಸಿಗೆ ಮನೆಗಳನ್ನೆಲ್ಲ ಕೊಂಡುಬಿಟ್ಟರೆ ತಮ್ಮ ಗತಿಯೇನು ಎಂಬ ಅಳುಕು ಡೇನರಿಗೆ ಹಳೆಯದು. ಅದಕ್ಕೇ 1992ರ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಹಾಕುವಾಗ, ಎರಡನೆಯ ಮನೆಯ ಬಗ್ಗೆ ತಮ್ಮಲ್ಲಿರುವ ಕಾನೂನು ಹಾಗೇ ಉಳಿಯಬೇಕೆಂದು ಹಟ ಹಿಡಿದು, ಒಪ್ಪಂದದ ಜೊತೆಗೆ ಬರೆಸಿಕೊಂಡರು. ಒಕ್ಕೂಟಕ್ಕೆ ಸೇರಿದರು, ಸಮುದ್ರತೀರವನ್ನು ಬಿಟ್ಟುಕೊಡಲಿಲ್ಲ! ಸ್ವಿಟ್ಜರ್‌ಲೆಂಡ್ ತನ್ನ 1983ರ ಕಾಯ್ದೆಯ ಪ್ರಕಾರ ಹೊರಗಿನವರಿಗೆ ರಜೆಯ ಮನೆಗಳಿಗೆ ಕೊಡುವ ಪರವಾನಗಿಯನ್ನು ಎಣಿಸಿ ಕೊಡುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 1,500.

ಪೋರ್ಚುಗಲ್ ಮತ್ತು ಸ್ಪೇನ್ ಇದಕ್ಕೆ ತದ್ವಿರುದ್ಧ ಹೋದವು. ಮನೆ ಕೊಂಡರೆ ವಾಸದ ಪರವಾನಗಿ ಎಂದು ಡಂಗುರ ಸಾರಿದವು. ಲಿಸ್ಬನ್, ಬಾರ್ಸಿಲೋನಾ ನಗರಗಳಲ್ಲಿ ಅಲ್ಲೇ ಹುಟ್ಟಿದ ಹುಡುಗರಿಗೆ ಬಾಡಿಗೆ ಮನೆಯೂ ಎಟುಕದಂತಾಗಿ ಜನ ಬೀದಿಗಿಳಿದರು. ಮನೆಯ ಬೆಲೆ ಏರಿದ್ದಕ್ಕೆ ಇದೊಂದೇ ಕಾರಣವಲ್ಲ, ನಿಜ. ಆದರೆ ಎರಡೂ ಸರ್ಕಾರಗಳಿಗೆ ಬುದ್ಧಿ ಬಂತು. ಪೋರ್ಚುಗಲ್ 2023ರಲ್ಲಿ ಮನೆ ಕೊಂಡು ಪರವಾನಗಿ ಪಡೆಯುವ ದಾರಿ ಮುಚ್ಚಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಆ ಯೋಜನೆಯನ್ನೇ ನಿಲ್ಲಿಸಿತು.

ಈ ದೇಶಗಳನ್ನೆಲ್ಲ ನಾವು 'ಮುಂದುವರಿದವು', 'ವಿಶಾಲ ಮನಸ್ಸಿನವು' ಎಂದು ಹೊಗಳುತ್ತೇವೆ. ಅವರು ತಮ್ಮ ನೆಲದ ಬಗ್ಗೆ ಮಾತಾಡಿದರೆ ಅದು ಆಡಳಿತ ನೀತಿ. ಕನ್ನಡಿಗ ತನ್ನ ನೆಲದ ಬಗ್ಗೆ ಮಾತಾಡಿದರೆ ಅದು ಪುಂಡಾಟಿಕೆ!

ದುಬೈ: ಅಂಗಳದವರೆಗೆ ಮಾತ್ರ

'ದುಬೈ ಹಾಗಲ್ಲ, ಅಲ್ಲಿ ಕಾಸಿದ್ದರೆ ಸಾಕು' ಎನ್ನುವವರಿದ್ದಾರೆ. ಕರಾವಳಿಯ ಮನೆಮನೆಯಿಂದ ಒಬ್ಬರಾದರೂ ದುಡಿಯಲು ಹೋದ ಊರು ಅದು. ಸ್ವಲ್ಪ ಹತ್ತಿರದಿಂದ ನೋಡೋಣ.

2002ರಲ್ಲಿ ದುಬೈ ವಿದೇಶಿಯರಿಗೆ ಆಸ್ತಿಯ ಪೂರ್ಣ ಒಡೆತನದ ಬಾಗಿಲು ತೆರೆಯಿತು. 2006ರ ಕಾನೂನು ಅದಕ್ಕೆ ಚೌಕಟ್ಟು ಹಾಕಿತು. ಆ ಚೌಕಟ್ಟು ಏನು ಹೇಳುತ್ತದೆ? ಅಲ್ಲಿಯ ಪ್ರಜೆಗಳು ಮತ್ತು ಕೊಲ್ಲಿ ಸಹಕಾರ ಮಂಡಳಿಯ ದೇಶಗಳ ಪ್ರಜೆಗಳು ದುಬೈನ ಯಾವ ಭಾಗದಲ್ಲಾದರೂ ಆಸ್ತಿ ಹೊಂದಬಹುದು. ಉಳಿದವರಿಗೆ ಆಳುವ ದೊರೆ ಗುರುತಿಸಿ ಕೊಟ್ಟ ಪ್ರದೇಶಗಳಲ್ಲಿ ಮಾತ್ರ. ಅಂದರೆ ನಿಮಗೆ ಅಂಗಳ ತೆರೆದಿದೆ, ನಡುಮನೆ ತೆರೆದಿಲ್ಲ. 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಕೊಂಡರೆ 10 ವರ್ಷದ ವೀಸಾ ಸಿಗುತ್ತದೆ. ಆದರೆ ಎಷ್ಟು ಫ್ಲಾಟು ಕೊಂಡರೂ ಕೊಂಡ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ.

ಭಾಷೆಯ ವಿಷಯಕ್ಕೆ ಬನ್ನಿ. ಅರಬ್ ಸಂಯುಕ್ತ ಸಂಸ್ಥಾನದ ಒಟ್ಟು ಜನರಲ್ಲಿ ಅಲ್ಲಿನ ಪ್ರಜೆಗಳು ಸುಮಾರು ಹತ್ತರಲ್ಲೊಂದು ಪಾಲು. ಬೀದಿಯಲ್ಲಿ ಇಂಗ್ಲಿಷು, ಹಿಂದಿ, ಮಲಯಾಳಂ ಕೇಳಿಸುತ್ತವೆ. ಆದರೂ ದುಬೈನ ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬ್ಬಿ. ಬಿಲ್ಡರು ಕೈಕೊಟ್ಟನೆಂದು ನೀವು ಅಲ್ಲಿಗೆ ಹೋದರೆ ನಿಮ್ಮ ಇಂಗ್ಲಿಷ್ ಕರಾರನ್ನು ಅರಬ್ಬಿಗೆ ತರ್ಜುಮೆ ಮಾಡಿಸಿಯೇ ಸಲ್ಲಿಸಬೇಕು. ಅಲ್ಲಿನ ಖಾಸಗಿ ಶಾಲೆಗಳಲ್ಲಿ, ಭಾರತೀಯರು ನಡೆಸುವ ಶಾಲೆಗಳೂ ಸೇರಿ, ಮಕ್ಕಳು ಅರಬ್ಬಿ ಕಲಿಯಲೇಬೇಕು. ಅದರ ವಿರುದ್ಧ ನಮ್ಮವರು ಬೀದಿಗಿಳಿದದ್ದು ಕೇಳಿದ್ದೀರಾ?

ಇಲ್ಲಿ? ಶಾಲೆಗಳಲ್ಲಿ ಕನ್ನಡ ಕಲಿಸಬೇಕೆಂದು 2015ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿ 2023ರಲ್ಲಿ ಪೋಷಕರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ದುಬೈನಲ್ಲಿ ಅರಬ್ಬಿ ಕಲಿತರೆ ಅದು ಶಿಸ್ತು. ಬೆಂಗಳೂರಿನಲ್ಲಿ ಕನ್ನಡ ಕಲಿತರೆ ಅದು ಹೇರಿಕೆ. ಇದೆಂಥ ನ್ಯಾಯ?

ನುಡಿಯೇ ನೆಲದ ಕೀಲಿಕೈ

ಇನ್ನು ಈ ಲೇಖನದ ಮುಖ್ಯ ಊರಿಗೆ ಬರೋಣ. ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಸಮುದ್ರದಲ್ಲಿ ಓಲಾಂಡ್ ಎಂಬ ದ್ವೀಪಗಳ ಗುಂಪು ಇದೆ. ಸಣ್ಣದು, ದೊಡ್ಡದು ಎಲ್ಲ ಸೇರಿ 6 ಸಾವಿರಕ್ಕೂ ಹೆಚ್ಚು ದ್ವೀಪಗಳು. ಜನ ಎಷ್ಟು? ಸುಮಾರು 30 ಸಾವಿರ. ಬೆಂಗಳೂರಿನ ಒಂದೆರಡು ಬಡಾವಣೆಗಳಲ್ಲಿ ಇದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ರಾಜಧಾನಿ ಮಾರಿಯೆಹಾಮ್. ದೇಶ ಫಿನ್ಲೆಂಡ್, ಜನರ ಭಾಷೆ ಸ್ವೀಡಿಷ್.

1809ರವರೆಗೆ ಈ ದ್ವೀಪಗಳು ಸ್ವೀಡನ್ನಿನ ಕೈಯಲ್ಲಿದ್ದವು. ಯುದ್ಧದಲ್ಲಿ ಸೋತ ಸ್ವೀಡನ್ ಫಿನ್ಲೆಂಡಿನ ಜೊತೆಗೆ ಇವನ್ನೂ ರಷ್ಯಾಕ್ಕೆ ಬಿಟ್ಟುಕೊಟ್ಟಿತು. 1917ರಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ಆಗ ದ್ವೀಪದವರಿಗೆ ಭಯ ಹತ್ತಿತು: ಫಿನ್ನಿಷ್ ಆಡುವವರ ಈ ಹೊಸ ದೇಶದಲ್ಲಿ ನಮ್ಮ ನುಡಿ ಉಳಿದೀತೇ? ವಯಸ್ಕರಲ್ಲಿ ಬಹುಪಾಲು ಮಂದಿ ಸಹಿ ಹಾಕಿ, ನಮ್ಮನ್ನು ಮತ್ತೆ ಸ್ವೀಡನ್ನಿಗೆ ಸೇರಿಸಿ ಎಂದು ಮನವಿ ಕೊಟ್ಟರು. ಈ ಚಳವಳಿಯ ಮುಂಚೂಣಿಯಲ್ಲಿ ನಿಂತವನು ಒಬ್ಬ ಪತ್ರಕರ್ತ. 'ಓಲಾಂಡ್' ಎಂಬ ಹೆಸರಿನ ಪತ್ರಿಕೆಯನ್ನು 1891ರಲ್ಲಿ ಶುರುಮಾಡಿದ ಯೂಲಿಯುಸ್ ಸುಂಡ್‌ಬ್ಲೂಮ್. 1920ರಲ್ಲಿ ಫಿನ್ಲೆಂಡ್ ಸರ್ಕಾರ ಅವನನ್ನು ದೇಶದ್ರೋಹದ ಆರೋಪದ ಮೇಲೆ ಬಂಧಿಸಿತು. ಮುಂದೆ 1922ರಲ್ಲಿ ದ್ವೀಪದ ಶಾಸನಸಭೆ ಮೊದಲ ಬಾರಿ ಸೇರಿದಾಗ, ಅದರ ಸಭಾಧ್ಯಕ್ಷನ ಪೀಠದಲ್ಲಿ ಕೂತವನೂ ಅವನೇ!

ಜಗಳ ಆಗಿನ ರಾಷ್ಟ್ರಸಂಘದ ಮುಂದೆ ಹೋಯಿತು. 1921ರ ಜೂನ್‌ನಲ್ಲಿ ತೀರ್ಪು ಬಂತು. ದ್ವೀಪಗಳು ಫಿನ್ಲೆಂಡಿಗೇ ಸೇರಿದ್ದು. ಆದರೆ ಅಲ್ಲಿನ ಸ್ವೀಡಿಷ್ ಭಾಷೆ, ಸಂಸ್ಕೃತಿ, ಸ್ಥಳೀಯ ನಡಾವಳಿಗಳನ್ನು ಕಾಪಾಡುವ ಖಾತರಿಯನ್ನು ಫಿನ್ಲೆಂಡ್ ಕೊಡಬೇಕು. ಆ ಖಾತರಿಗಳಲ್ಲಿ ಎರಡು ಮುಖ್ಯವಾದವು. ಒಂದು ಶಾಲೆಯ ಭಾಷೆ. ಇನ್ನೊಂದು ನೆಲ. ದ್ವೀಪದ ಜಮೀನನ್ನು ಹೊರಗಿನವನು ಕೊಂಡರೆ, ಅದನ್ನು ಬಿಡಿಸಿಕೊಳ್ಳುವ ಹಕ್ಕು ದ್ವೀಪದವರಿಗೆ.

ಭಾಷೆಯ ಖಾತರಿಯಲ್ಲಿ ನೆಲ ಏಕೆ ಬಂತು? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದ್ವೀಪದವರಿಗೆ ಒಂದು ಸತ್ಯ ಗೊತ್ತಿತ್ತು. ಭಾಷೆ ನಿಘಂಟಿನಲ್ಲಿ ಬದುಕುವುದಿಲ್ಲ, ಊರಿನಲ್ಲಿ ಬದುಕುತ್ತದೆ. ಬೇಲಿಯ ಆಚೆ ಈಚೆ ಇಬ್ಬರು ಆಡುವ ಮಾತಿನಲ್ಲಿ ಬದುಕುತ್ತದೆ. ಆ ಬೇಲಿಯೇ ಕೈತಪ್ಪಿದರೆ, ಶಾಲೆಯಲ್ಲಿ ಎಷ್ಟು ಕಲಿಸಿದರೂ ಭಾಷೆ ಪರೀಕ್ಷೆಯ ವಿಷಯವಾಗಿ ಉಳಿಯುತ್ತದೆ, ಬಾಳಿನ ವಿಷಯವಾಗುವುದಿಲ್ಲ.

1951ರ ಸ್ವಾಯತ್ತತೆ ಕಾಯ್ದೆಯಲ್ಲಿ ಈ ವಿಚಾರಕ್ಕೆ ಗಟ್ಟಿ ರೂಪ ಬಂತು. ಅದೇ ಅವರ 'ತವರೂರಿನ ಹಕ್ಕು'. ಈ ಹಕ್ಕು ಇದ್ದವನು ಅಲ್ಲಿ ನೆಲ ಹೊಂದಬಹುದು, ಶಾಸನಸಭೆಗೆ ಮತ ಹಾಕಬಹುದು, ಚುನಾವಣೆಗೆ ನಿಲ್ಲಬಹುದು, ಸ್ವಂತ ವ್ಯಾಪಾರ ನಡೆಸಬಹುದು. ತಂದೆ ಅಥವಾ ತಾಯಿಗೆ ಈ ಹಕ್ಕಿದ್ದರೆ ಮಗುವಿಗೆ ಹುಟ್ಟಿನಿಂದ ಬರುತ್ತದೆ. ಹೊರಗಿನಿಂದ ಬಂದವನಿಗೆ ಮೂರು ಷರತ್ತು. ಫಿನ್ಲೆಂಡಿನ ಪೌರತ್ವ ಇರಬೇಕು. ಐದು ವರ್ಷ ದ್ವೀಪದಲ್ಲಿ ಬಾಳಿರಬೇಕು. ಸ್ವೀಡಿಷ್ ಭಾಷೆ ಸಾಕಷ್ಟು ಬರಬೇಕು.

ಮೂರನೆಯ ಷರತ್ತನ್ನು ಇನ್ನೊಮ್ಮೆ ಓದಿ. ಫಿನ್ಲೆಂಡಿನ ಪ್ರಜೆಯೇ ಆಗಿದ್ದರೂ, ರಾಜಧಾನಿ ಹೆಲ್ಸಿಂಕಿಯಲ್ಲಿ ಎಷ್ಟು ದೊಡ್ಡ ಸಾಹುಕಾರನಾಗಿದ್ದರೂ, ಆ ನೆಲದ ನುಡಿ ಕಲಿಯದೆ ಆ ನೆಲ ಹಕ್ಕಾಗಿ ಸಿಗುವುದಿಲ್ಲ! ಹಕ್ಕಿಲ್ಲದವನು ನೆಲ ಕೊಳ್ಳಬೇಕಾದರೆ ದ್ವೀಪದ ಸರ್ಕಾರದ ಅಪ್ಪಣೆ ಕೇಳಬೇಕು. ಬಂದು ದುಡಿಯಲು, ಬಾಡಿಗೆಗೆ ಇರಲು ಅಡ್ಡಿಯಿಲ್ಲ. ಹೊರಗಿನಿಂದ ಬಂದ ಅನೇಕರು ಅಲ್ಲಿ ದುಡಿಯುತ್ತಿದ್ದಾರೆ. ನೆಲದ ಒಡೆತನಕ್ಕೆ ಮಾತ್ರ ನುಡಿಯ ಕೀಲಿಕೈ ಬೇಕು. ಇನ್ನೂ ಒಂದು ಮಾತು. ಆ ದ್ವೀಪದಲ್ಲೇ ಹುಟ್ಟಿದವನೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗೆ ನೆಲೆಸಿದರೆ ಈ ಹಕ್ಕು ಕಳೆದುಕೊಳ್ಳುತ್ತಾನೆ. ಸ್ವಂತ ಮಕ್ಕಳಿಗೂ ವಿನಾಯಿತಿ ಇಲ್ಲ. ರಕ್ತವಲ್ಲ, ಬಾಳ್ವೆ ಮುಖ್ಯ.

1995ರಲ್ಲಿ ಫಿನ್ಲೆಂಡ್ ಯುರೋಪಿಯನ್ ಒಕ್ಕೂಟಕ್ಕೆ ಸೇರಿತು. ಆ ಒಕ್ಕೂಟದ ಮೂಲಮಂತ್ರವೇ ಜನರಿಗೂ ಬಂಡವಾಳಕ್ಕೂ ಗಡಿ ಇರಬಾರದು ಎಂಬುದು. ಆದರೂ ಓಲಾಂಡಿನ ಈ ನಿಯಮ ಉಳಿಯಬೇಕೆಂದು ಪ್ರತ್ಯೇಕವಾಗಿ ಬರೆಸಿಕೊಂಡೇ ಅವರು ಒಳಗೆ ಹೋದರು. 30 ಸಾವಿರ ಜನ ಇಡೀ ಯುರೋಪಿನಿಂದ ಬರೆಸಿಕೊಂಡರು! 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು ಎಷ್ಟು ಗೊತ್ತೇ? 4 ಕೋಟಿ 37 ಲಕ್ಷ. ನಾವು ಏನು ಬರೆಸಿಕೊಂಡೆವು?

ಎಚ್ಚರ: ಕಾವಲು ಬೇರೆ, ಕ್ರೌರ್ಯ ಬೇರೆ

ಇಷ್ಟು ಓದಿ ಕೆಲವು ತರುಣರ ರಕ್ತ ಬಿಸಿಯಾಗಬಹುದು. 'ಹೊರಗಿನವರಿಗೆ ಒಂದಡಿ ನೆಲವೂ ಬೇಡ' ಎಂದು ಕೂಗಬೇಕೆನ್ನಿಸಬಹುದು. ತಾಳಿ. ನೆಲದ ಕಾನೂನು ಅನ್ಯಾಯದ ಆಯುಧವೂ ಆಗಬಲ್ಲದು. ಆ ಪೆಟ್ಟನ್ನು ತಿಂದವರು ನಮ್ಮವರೇ.

1913ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ತಂದಿತು. ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಹೊಂದುವಂತಿಲ್ಲ. ಮುಖ್ಯ ಗುರಿ ಜಪಾನೀಯರು. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿನವನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು 'ಬಿಳಿಯರಲ್ಲ', ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದುಬಿಟ್ಟಿತು. ಅಲ್ಲಿಗೆ ಈ ಭೂಕಾಯ್ದೆಯ ಕತ್ತಿ ಭಾರತೀಯ ರೈತರ ಕೊರಳಿಗೂ ಬಂತು. ಬೆವರು ಸುರಿಸಿ ಬೆಳೆದ ಹೊಲವನ್ನು ಅವರು ಬೇರೆಯವರ ಹೆಸರಿನಲ್ಲಿ, ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಇಟ್ಟುಕೊಂಡು ದಿನ ದೂಡಬೇಕಾಯಿತು. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. ಹತ್ತೇ ವರ್ಷದಲ್ಲಿ, 1956ರ ಚುನಾವಣೆಯಲ್ಲಿ, ದಲೀಪ್ ಸಿಂಗ್ ಸೌಂದ್ ಎಂಬ ಪಂಜಾಬಿ ರೈತ ಅದೇ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೆ ಗೆದ್ದುಹೋದ.

ಕ್ಯಾಲಿಫೋರ್ನಿಯಾದ ಕಾಯ್ದೆಗೂ ಓಲಾಂಡಿನ ಕಾಯ್ದೆಗೂ ವ್ಯತ್ಯಾಸ ಏನು? ಒಂದು ಕೇಳಿದ್ದು ಚರ್ಮದ ಬಣ್ಣ. ಇನ್ನೊಂದು ಕೇಳಿದ್ದು ನಾಲಗೆಯ ನುಡಿ. ಬಣ್ಣವನ್ನು ಯಾರೂ ಕಲಿಯಲಾರರು. ನುಡಿಯನ್ನು ಯಾರೂ ಕಲಿಯಬಹುದು. ಯಾವ ಷರತ್ತನ್ನು ಬಂದವನು ದುಡಿದು, ಕಲಿತು ಪೂರೈಸಬಲ್ಲನೋ ಅದು ನ್ಯಾಯ. ಏನು ಮಾಡಿದರೂ ಪೂರೈಸಲಾಗದ ಷರತ್ತು ಅನ್ಯಾಯ. ಕನ್ನಡ ಚಳವಳಿ ಈ ಗೆರೆಯನ್ನು ಎಂದೂ ದಾಟಬಾರದು. ನಮ್ಮ ಜಗಳ ಬಂದವನ ಜಾತಿಯ ಮೇಲಲ್ಲ, ಊರಿನ ಮೇಲಲ್ಲ. ಹತ್ತು ವರ್ಷ ಇದ್ದೂ 'ಕನ್ನಡ ಗೊತ್ತಿಲ್ಲ' ಎಂದು ಎದೆಯುಬ್ಬಿಸಿ ಹೇಳುವ ಸೊಕ್ಕಿನ ಮೇಲೆ.

ಹಾಗಾದರೆ ನಮ್ಮ ನೆಲದ ಗತಿ?

ಬೆಂಗಳೂರು ಯಾವ ಭಾರತೀಯನಿಗೂ ವಿದೇಶವಲ್ಲ. ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಪ್ರತಿ ಪ್ರಜೆಗೂ ಕೊಟ್ಟಿದೆ. ಮುಂಬಯಿಯಲ್ಲಿ, ಪುಣೆಯಲ್ಲಿ ಕನ್ನಡಿಗರು ಮನೆ ಮಾಡಿರುವುದೂ ಅದೇ ಹಕ್ಕಿನಿಂದ. ಆದ್ದರಿಂದ ಓಲಾಂಡಿನ ಕಾಯ್ದೆಯನ್ನು ಹಾಗೇ ತಂದು ಇಲ್ಲಿ ಅಂಟಿಸಲು ಬರುವುದಿಲ್ಲ.

ಆದರೆ ಅದೇ 19ನೇ ವಿಧಿ ಸಾರ್ವಜನಿಕ ಹಿತಕ್ಕಾಗಿ ನ್ಯಾಯವಾದ ನಿರ್ಬಂಧ ಹಾಕಬಹುದೆಂದೂ ಹೇಳುತ್ತದೆ. ಹಿಮಾಚಲ ಪ್ರದೇಶ ತನ್ನ 1972ರ ಭೂಕಾಯ್ದೆಯ 118ನೇ ಕಲಮಿನಲ್ಲಿ, ಅಲ್ಲಿನ ಕೃಷಿಕನಲ್ಲದವನು ಸರ್ಕಾರದ ಅಪ್ಪಣೆಯಿಲ್ಲದೆ ಜಮೀನು ಕೊಳ್ಳದಂತೆ ತಡೆದಿದೆ. ಹಿಮಾಚಲವೇನು ಭಾರತದಿಂದ ಹೊರಗೆ ಹೋಯಿತೇ?

ನಮ್ಮಲ್ಲೂ ಅಂಥ ಬೇಲಿ ಇತ್ತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಕೃಷಿಕರಲ್ಲದವರ, ಕೃಷಿಯಿಂದಾಚೆ ಹೆಚ್ಚು ವರಮಾನ ಇದ್ದವರ ಕೈಗೆ ಹೊಲ ಹೋಗದಂತೆ ತಡೆದಿದ್ದವು. ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿ ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿದ್ದು ಈ ಕಾಯ್ದೆಯಡಿಯಲ್ಲೇ. 2015ರಲ್ಲಿ ವರಮಾನದ ಮಿತಿಯನ್ನು 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದರು. 2020ರ ಜುಲೈನಲ್ಲಿ, ದೇಶವೆಲ್ಲ ಕೊರೋನಾ ಭಯದಲ್ಲಿ ಮನೆಯೊಳಗಿದ್ದಾಗ, ಸುಗ್ರೀವಾಜ್ಞೆ ತಂದು ಆ ಕಲಂಗಳನ್ನೇ ಕಿತ್ತುಹಾಕಿದರು. ರೈತರು ಬೀದಿಗಿಳಿದರು. ನಗರದ ಕನ್ನಡ ತರುಣರಲ್ಲಿ ಎಷ್ಟು ಮಂದಿ ಅವರ ಜೊತೆ ನಿಂತರು? 'ಅದು ರೈತರ ವಿಷಯ, ನಮ್ಮದು ಭಾಷೆಯ ವಿಷಯ' ಎಂದು ಸುಮ್ಮನಿದ್ದವರೇ ಹೆಚ್ಚು. ನೆಲ ಬೇರೆ, ನುಡಿ ಬೇರೆ ಎಂಬ ಈ ಭ್ರಮೆಯೇ ನಮ್ಮನ್ನು ಕೊಲ್ಲುತ್ತಿರುವುದು. ದೇವನಹಳ್ಳಿ, ಆನೇಕಲ್ಲು, ಹೊಸಕೋಟೆಯ ಹೊಲ ಮಾರಿದ ರೈತನ ಮಗ ಅದೇ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರನಾಗಿ ನಿಂತು, ಒಳಗೆ ಹೋಗುವವರಿಗೆ ಅವರ ಭಾಷೆಯಲ್ಲಿ ಸಲಾಮು ಹೊಡೆಯಬೇಕಾದರೆ, ಅಲ್ಲಿ ಸೋತದ್ದು ನೆಲವೋ ನುಡಿಯೋ?

ತರುಣರು ಮಾಡಬೇಕಾದದ್ದು

ಮೊದಲನೆಯದು: ಹೊರದೇಶದಲ್ಲಿ ಆಸ್ತಿ ಕೊಳ್ಳುವವರು ತಿಳಿದು ಕೊಳ್ಳಿ. ಆ ದೇಶದ ಕಾನೂನು ಓದಿ, ನಮ್ಮ ದೇಶದ ತೆರಿಗೆ ಕಟ್ಟಿ, ಆ ನೆಲದ ನುಡಿಯನ್ನು ಗೌರವದಿಂದ ಕಲಿಯಿರಿ. ಕನ್ನಡಿಗ ಹೋದಲ್ಲೆಲ್ಲ ಒಳ್ಳೆಯ ಒಕ್ಕಲು ಎನ್ನಿಸಿಕೊಳ್ಳಲಿ. ಇಲ್ಲಿ ನಾವು ಬೇರೆಯವರಿಂದ ಕೇಳುವುದನ್ನು ಅಲ್ಲಿ ನಾವು ಮಾಡಿ ತೋರಿಸಬೇಕು. ಆಗ ಮಾತ್ರ ನಮ್ಮ ಮಾತಿಗೆ ತೂಕ.

ಎರಡನೆಯದು: ಊರಿನ ಹೊಲ ಮಾರಿ ದುಬೈನ ಇಪ್ಪತ್ತನೇ ಅಂತಸ್ತಿನಲ್ಲಿ ಗೂಡು ಕೊಳ್ಳುವ ಮುನ್ನ ಒಂದು ಲೆಕ್ಕ ತಿಳಿದಿರಿ. ನೀವು ನಾಳೆ ಅಮೆರಿಕದ ಪ್ರಜೆಯಾದರೆ ಭಾರತದಲ್ಲಿ ಕೃಷಿ ಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು, ಹೊಸದಾಗಿ ಕೊಳ್ಳಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ. ಇಂದು ಮಾರಿದ್ದು ನಾಳೆ ಮರಳಿ ಬರುವುದಿಲ್ಲ.

ಮೂರನೆಯದು: 79ಎ, 79ಬಿ ಕಲಂಗಳಂಥ ರಕ್ಷಣೆ ಮತ್ತೆ ಬೇಕೆಂದು ರೈತರ ಜೊತೆ ದನಿಗೂಡಿಸಿ. ಆಳುವವರು ಯಾವ ಪಕ್ಷದವರಾದರೂ ಈ ಪ್ರಶ್ನೆ ಕೇಳಿ. ನವೆಂಬರ್ ಒಂದರಂದು ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುವ ಮಂತ್ರಿಗೆ ಆ ದಿನವೇ ಕೇಳಿ.

ನಾಲ್ಕನೆಯದು: ನಿಮ್ಮ ಕೈಯಲ್ಲೇ ಇರುವ ಕೆಲಸ. ಮನೆ ಕೊಳ್ಳುವಾಗ ಬಿಲ್ಡರನೊಂದಿಗೆ ಕನ್ನಡದಲ್ಲಿ ಮಾತಾಡಿ. ದರಪಟ್ಟಿ, ಕರಾರು, ಕ್ರಯಪತ್ರ ಕನ್ನಡದಲ್ಲಿ ಬೇಕೆಂದು ಪಟ್ಟು ಹಿಡಿಯಿರಿ. ಕೋಟಿ ರೂಪಾಯಿ ಕೊಡುವವನು ಕೇಳಿದರೆ ಯಾವ ಬಿಲ್ಡರು ಇಲ್ಲ ಅಂದಾನು? ಅಪಾರ್ಟ್‌ಮೆಂಟಿನ ಸಂಘದ ಸಭೆ ಕನ್ನಡದಲ್ಲೂ ನಡೆಯಲಿ, ಸೂಚನಾಫಲಕ ಕನ್ನಡದಲ್ಲಿರಲಿ. ಪಕ್ಕದ ಮನೆಗೆ ಹೊಸದಾಗಿ ಬಂದವನಿಗೆ ಬಾಗಿಲು ಹಾಕಬೇಡಿ. ವಾರಕ್ಕೊಂದು ಗಂಟೆ ಕೂರಿಸಿಕೊಂಡು ಕನ್ನಡ ಕಲಿಸಿ. ಓಲಾಂಡಿನ ಮೂರನೆಯ ಷರತ್ತನ್ನು ನಾವು ಕಾನೂನಿನಿಂದ ತರಲಾರೆವು. ನಡವಳಿಕೆಯಿಂದ ತರಬಹುದು.

ಅವರು 30 ಸಾವಿರ ಜನ. ಸೈನ್ಯವಿಲ್ಲ, ಸ್ವಂತ ದೇಶವಿಲ್ಲ. ನೂರು ವರ್ಷದಿಂದ ನೆಲ ಬಿಟ್ಟಿಲ್ಲ, ನುಡಿ ಬಿಟ್ಟಿಲ್ಲ. ಕಲಿತು ಬಂದವನನ್ನು ಹೊರಗೂ ಇಟ್ಟಿಲ್ಲ. ನಮಗೆ ರಾಜ್ಯವಿದೆ, ವಿಧಾನಸೌಧವಿದೆ, ಕೋಟಿಗಟ್ಟಲೆ ಜನವಿದ್ದಾರೆ. ಇಲ್ಲದಿರುವುದು ಕೇಳುವ ಬಾಯಿ ಒಂದೇ. ಕನ್ನಡದ ತರುಣರೇ, ಆ ಬಾಯಿ ನಿಮ್ಮದಾಗಲಿ!